ಕೈ ಆಡಿಸುವವಳು

ಆಟಿಸಂ ಇದ್ದ ಆ ಹುಡುಗಿ ಖುಷಿಯಾದರೆ ಎರಡೂ ಕೈಗಳನ್ನು ಗಾಳಿಯಲ್ಲಿ ಪಟಪಟನೆ ಆಡಿಸುತ್ತಿದ್ದಳು. ಶಾಲೆಯಲ್ಲಿ ಅದಕ್ಕೇ ಬೆತ್ತದ ರುಚಿ ಕಂಡಳು. ಮುಂದೆ ಅದೇ ಬೆತ್ತದಲ್ಲಿ ಕುರ್ಚಿ ಹೆಣೆದು ಹೊಟ್ಟೆ ಹೊರೆದಳು, ಊರಿಗೆಲ್ಲ ಬೆತ್ತದಕ್ಕ ಆದಳು.

ಅಂಗವಿಕಲರ ಹೊಸ ಕಾನೂನಿನ ಸಭೆಯಲ್ಲಿ ಅಧಿಕಾರಿ ಅವಳನ್ನು ಬಿಟ್ಟು ಅವಳಣ್ಣನನ್ನು ಕೇಳಿದರು: "ನಿಮ್ಮ ತಂಗಿಗೆ ಏನು ಬೇಕಂತೆ?"

"ಇಲ್ಲೇ ಕೂತಿದಾಳಲ್ಲ ಸಾರ್, ಅವಳನ್ನೇ ಕೇಳಿ."

ಬೆತ್ತದಕ್ಕ ಕಡ್ಡಿ ಮುರಿದಂತೆ ಹೇಳಿದಳು: "ನಮಗೆ ಕಾನೂನು ಬರೆಯೋ ಸಮಿತಿಲಿ ಅರ್ಧ ಜನ ನಮ್ಮಂಥೋರೇ ಇರ್ಬೇಕು. ಒಪ್ಪೋವರೆಗೂ ನಾನು ಏಳಲ್ಲ."

ಸಂಜೆಗೆ ಅಧಿಕಾರಿ ಒಪ್ಪಿ ಸಹಿ ಹಾಕಿದರು. ಸಭೆ ಚಪ್ಪಾಳೆ ತಟ್ಟಿತು. ಅವಳು ಕಿವಿ ಮುಚ್ಚಿಕೊಂಡಳು.

"ಸದ್ದು ಬೇಡ, ಹೀಗೆ ಮಾಡಿ," ಎಂದು ತೋರಿಸಿಕೊಟ್ಟಳು.

ಅಧಿಕಾರಿಯೂ ಸೇರಿ ಇಡೀ ಸಭೆ ಕೈಯೆತ್ತಿ ಆಡಿಸಿತು. ಈಗ ಬೆತ್ತ ಹಿಡಿದು ಬರುವ ಧೈರ್ಯ ಯಾವ ಮೇಷ್ಟ್ರಿಗಿತ್ತು?