ನಾಲ್ಕು ಬೆರಳು ಹೆಚ್ಚಾದ ಮೇಜು

೧೯೪೩ನೇ ಇಸವಿ, ಯುದ್ಧದ ಕಾಲ. ಯಲವಿಗಿಯಲ್ಲಿ ನಮ್ಮ ಪಕ್ಕದ ಮನೆಗೆ ರೈಲ್ವೆ ನೌಕರರೊಬ್ಬರು ಬಾಡಿಗೆಗೆ ಬಂದರು. ಅವರ ಹೆಂಡತಿ ಶಾಂತಮ್ಮ ಮೈಸೂರು ಕಡೆಯವಳು, ಅವಳಿಗೆ ಜೋಳದ ರೊಟ್ಟಿ ಬಡಿಯಲು ಬಾರದು. ಕಲಿಸಲು ಹೋದ ನಮ್ಮ ಅತ್ತೆ ದಿನಾ ಅಲ್ಲಿಗೇ ಹೋಗತೊಡಗಿದರು.

ಕಾರಣ, ಶಾಂತಮ್ಮನ ಅಡುಗೆಮನೆಗೆ ಒಂದು ಮೇಜು ಬಂದಿತ್ತು. ಮೊಣಕಾಲು ನೋವಿನಿಂದ ಅತ್ತೆ ನಮ್ಮಲ್ಲಿ ನೆಲಕ್ಕೆ ಕುಳಿತು ರೊಟ್ಟಿ ಬಡಿಯುವುದನ್ನು ಬಿಟ್ಟು ವರ್ಷವಾಗಿತ್ತು. ಅಲ್ಲಿ ನಿಂತುಕೊಂಡೇ ಪಟಪಟ ಬಡಿಯುತ್ತಿದ್ದರು. ಗೋಡೆಯಾಚೆಯಿಂದ ಆ ಸದ್ದು, ಜೊತೆಗೆ ಅವರ ನಗು ಕೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನೊಡನೆ ಅವರು ಹಾಗೆ ನಕ್ಕದ್ದೇ ಇಲ್ಲ.

ನಮಗೂ ಮೇಜು ಬೇಕೆಂದು ಗಂಡನ ಬೆನ್ನು ಹತ್ತಿದೆ.

"ಕಂಬ, ಹಂಡೆ, ಒಲಿ ನಡುವ ಮೂರ್ ಮೂಲಿ ಜಾಗಾ ಐತಿ. ರೊಕ್ಕಾನೂ ಇಲ್ಲ. ಎಲ್ಲಿ ಇಡ್ತಿ?" ಎಂದರು.

"ಮೂರ್ ಮೂಲೀದ ಮಾಡಸೋಣ್ರಿ. ಹಿತ್ತಲದಾಗ ಮುರದ ಚಕ್ಕಡಿ ಬಿದ್ದೈತಲ್ಲ" ಎಂದೆ.

ಸವಣೂರಿನ ಬಡಗಿ ಖಾದರಸಾಬರು ಬಂದರು. ಹಲಗೆ ಆ ಮುರಿದ ಗಾಡಿಯದು, ಮೊಳೆಯೂ ಅದರದ್ದೇ, ಬಡಿದು ನೆಟ್ಟಗೆ ಮಾಡಿದ್ದು. ಎತ್ತರ ಎಷ್ಟಿರಲಿ ಎಂದು ಕೇಳಿದರು. ಹಿಂದಿನ ದಿನವೇ ನಾನು ಹೆಪ್ಪು ಕೇಳುವ ನೆಪದಲ್ಲಿ ಶಾಂತಮ್ಮನ ಮನೆಗೆ ಹೋಗಿ, ಅವಳು ಅತ್ತ ತಿರುಗಿದಾಗ ಸೆರಗಿನಿಂದ ಅವಳ ಮೇಜು ಅಳೆದು ಗಂಟು ಹಾಕಿಕೊಂಡಿದ್ದೆ.

"ಈ ಗಂಟಿಗಿಂತ ನಾಕ ಬೆರಳ ಎತ್ತರ ಇರ್ಲಿರಿ ಕಾಕಾ" ಎಂದೆ. ನಮ್ಮದು ಅವಳದಕ್ಕಿಂತ ಕಡಿಮೆ ಇರಬಾರದಲ್ಲ!

ಮೇಜು ಮೂಲೆಗೆ ಸರಿಯಾಗಿ ಕೂತಿತು. ಹಿಗ್ಗಿನಿಂದ ಅತ್ತೆಯನ್ನು ಕರೆದೆ. ಕುಳ್ಳಗಿನ ಜೀವ. ಎರಡು ರೊಟ್ಟಿ ಬಡಿಯುವಷ್ಟರಲ್ಲಿ ತೋಳು ಸೋತವು. "ಚಲೋ ಐತಿ ನೀಲವ್ವ" ಎಂದವರೇ ಕೈ ತೊಳೆದುಕೊಂಡು ಪಕ್ಕದ ಮನೆಗೆ ನಡೆದರು.

ನನಗೆ ಅಳುವೇ ಬಂತು. "ಆಕೀ ಮೇಜಿನಾಗ ಅಂಥಾದ್ದೇನ್ ಐತ್ರಿ?" ಎಂದು ಬಡಗಿಯ ಮೇಲೆ ಹರಿಹಾಯ್ದೆ.

ಖಾದರಸಾಬರು ಉಳಿಯನ್ನು ಚೀಲಕ್ಕೆ ಹಾಕುತ್ತ, "ಅದನ್ನೂ ನಾನ ಮಾಡೇನಿ ತಂಗಿ. ಆ ಹೆಣ್ಮಗಳು ನಿಮ್ಮ ಅತ್ತೀನ ನಿಲ್ಲಿಸಿ, ನೆಲದಿಂದ ನಡದ ಮಟ ದಾರ ಹಿಡದು ಅಳತಿ ಕೊಟ್ಲು. ಅಮ್ಮಾರಿಗೆ ಕುಂದ್ರಾಕ ಆಗೂದಿಲ್ಲ ಅಂದ್ಲು. ನೀ ಯಾರ ಅಳತಿ ಕೊಟ್ಟಿ?" ಎಂದರು.

"ನಾಕ ಬೆರಳ ಕೊಯ್ದು ಬಿಡ್ರಿ" ಎಂದೆ.

ಮರುದಿನದಿಂದ ಅತ್ತೆ ನಮ್ಮ ಮನೆಯಲ್ಲೇ ರೊಟ್ಟಿ ಬಡಿದರು. ಆದರೂ ನಿಜ ಹೇಳುತ್ತೇನೆ, ನನ್ನ ಹೊಟ್ಟೆಕಿಚ್ಚು ಆರಲಿಲ್ಲ, ಹೆಚ್ಚೇ ಆಯಿತು. ಮೊದಲು ಅದು ಶಾಂತಮ್ಮನ ಮೇಜನ್ನು ಕಂಡು ಹುಟ್ಟಿದ್ದು. ಆದರೆ ವರ್ಷವಿಡೀ ಆ ಮೊಣಕಾಲು ನೋವನ್ನು ನೋಡುತ್ತಲೇ ಇದ್ದ ನನಗೆ ಹೊಳೆಯದ್ದು, ನಿನ್ನೆ ಮೊನ್ನೆ ಬಂದ ಅವಳಿಗೆ ಹೊಳೆಯಿತಲ್ಲ, ಆ ಕಿಚ್ಚು ಇಂದಿಗೂ ಇದೆ.