ದಿಗಂಬರರಾಯರ ಗೋವರದ ಲೆಕ್ಕ

ದಿಗಂಬರರಾಯರು ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಇತಿಹಾಸ. ಸೊಲ್ಲಾಪುರದ ಬೇರೆ ಮಾಸ್ತರರು ಸಂಜೆ ಟ್ಯೂಶನ್ ಹೇಳಿ ಮನೆ ಕಟ್ಟಿಸಿಕೊಂಡರೆ, ಈ ಪುಣ್ಯಾತ್ಮರು ಇರುವೆಯ ಸಾಲನ್ನೂ ಗುಬ್ಬಿಗಳ ಹಿಂಡನ್ನೂ ಸಮೀಕರಣಕ್ಕೆ ಹಿಡಿಯಲು ಕೂತಿರುತ್ತಿದ್ದರು. ಜೀವ ಇರುವ ಯಾವುದೂ ಭೌತಶಾಸ್ತ್ರದ ಹೊರಗಿಲ್ಲ ಎಂಬುದು ಅವರ ಹಟ. ಸ್ಟಾಫ್ ರೂಮಿನಲ್ಲಿ ನಾವು ನಗುತ್ತಿದ್ದೆವು. ನಕ್ಕದ್ದು ತಪ್ಪೆಂದು ನಾನೇನೂ ಹೇಳುವುದಿಲ್ಲ, ಮನುಷ್ಯ ಹಾಗೇ ಇದ್ದರು.

೧೯೭೪ರ ಬೇಸಿಗೆಯಲ್ಲಿ ಗಿರಣಿ ಚಾಳುಗಳಲ್ಲಿ ಗೋವರ, ಅಂದರೆ ದಡಾರ, ಎದ್ದಿತು. ಮೈತುಂಬ ಕೆಂಪು ಗುಳ್ಳೆ, ಕೆಂಡದಂಥ ಜ್ವರ. ಮಕ್ಕಳಿಗೆ ಬರುವ ರೋಗ, ಒಮ್ಮೆ ಬಂದುಹೋದರೆ ಮತ್ತೆ ಬಾರದು. ರಾಯರ ಒಬ್ಬಳೇ ಮಗಳು ಚಂದ್ರಭಾಗಾಗೆ ಇನ್ನೂ ಬಂದಿರಲಿಲ್ಲ. ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಬದುಕಿಕೊಂಡಿದ್ದ ಹುಡುಗಿ ಅದು. ಗೋವರ ತಗಲಿದರೆ ಉಳಿಸುವುದು ಕಷ್ಟ ಎಂದು ಡಾಕ್ಟರರು ಹೇಳಿಬಿಟ್ಟಿದ್ದರು.

ರಾಯರು ಲೆಕ್ಕಕ್ಕೆ ಕೂತರು. ಡಬ್ಬಿಯೊಳಗಿನ ಗಾಳಿಯ ಕಣಗಳು ಗೊತ್ತುಗುರಿಯಿಲ್ಲದೆ ಓಡಾಡಿ ಒಂದಕ್ಕೊಂದು ಬಡಿಯುತ್ತವೆ. ಊರಿನ ಮಕ್ಕಳೂ ಹಾಗೇ ಎಂದುಕೊಂಡರು. ರೋಗದ ಮಗು ರೋಗ ಬಾರದ ಮಗುವಿಗೆ ತಾಗಿದರೆ ಗೋವರ ದಾಟುತ್ತದೆ. ರೋಗ ಬಂದುಹೋದವರೇ ತುಂಬಿದ ಊರಿನಲ್ಲಿ ದಾಟಲು ಯಾರೂ ಸಿಗದೆ ತಾನಾಗಿ ಆರುತ್ತದೆ. ಸೊಲ್ಲಾಪುರದಲ್ಲಿ ಅದು ಏರುತ್ತಿತ್ತು. ಹೆಂಡತಿ ದ್ವಾರಕಾಬಾಯಿಯವರ ತವರು ಅಕ್ಕಲಕೋಟೆಯಲ್ಲಿ ಹೋಳಿಯ ಹೊತ್ತಿಗೇ ಹಾಯ್ದುಹೋಗಿ, ಈಗ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಉಳಿದಿತ್ತು. ಮಗಳನ್ನು ಅಲ್ಲಿಗೆ ಕಳಿಸಬೇಕೆಂದು ಲೆಕ್ಕ ಹೇಳಿತು. ದ್ವಾರಕಾಬಾಯಿಯವರಿಗೆ ಮನಸ್ಸಿರಲಿಲ್ಲ, ಮನೆಯಲ್ಲೇ ಇಟ್ಟುಕೊಳ್ಳೋಣ ಎಂದರು. ಹೆಂಗಸರ ಅಂಜಿಕೆ ಎಂದು ರಾಯರು ತಾವೇ ಎಸ್.ಟಿ. ಬಸ್ಸಿನಲ್ಲಿ ಕರೆದೊಯ್ದು ಬಿಟ್ಟುಬಂದರು.

ಅಜ್ಜಿ ವೇಣೂಬಾಯಿಯವರ ಓಣಿಯಲ್ಲಿ ಒಂದೇ ಮನೆಯಲ್ಲಿ ಗೋವರ ಇತ್ತು. ಅಲ್ಲಿಯ ಹಿರಿಯ ಹುಡುಗಿಗೆ ಆಗಲೇ ಇಳಿದಿತ್ತು. ನಮ್ಮ ಜನಕ್ಕೆ ಅದು ರೋಗವಲ್ಲ, ಅಮ್ಮ ಬಂದುಹೋಗುವುದು. ಬಂದವಳನ್ನು ಸಂತೋಷಪಡಿಸಿ ಕಳಿಸಬೇಕೆಂದು ಓಣಿಯ ಸಣ್ಣ ಹುಡುಗಿಯರನ್ನು ಕೂಡಿಸಿ, ಮೊಸರನ್ನ ಬಡಿಸಿ, ಕುಂಕುಮ ಹಚ್ಚುತ್ತಾರೆ. ಊರಿಗೆ ಹೊಸ ಹುಡುಗಿ ಬಂದಿರುವಾಗ ಕರೆಯದಿದ್ದರೆ ಹೇಗೆ? ಕರೆದಾಗ ಹೋಗದಿದ್ದರೆ ಅಮ್ಮ ಮುನಿಯುವುದಿಲ್ಲವೇ? ವೇಣೂಬಾಯಿಯವರೇ ಮೊಮ್ಮಗಳಿಗೆ ಪರಕಾರ ಉಡಿಸಿ, ಕೈ ಹಿಡಿದು ಕರೆದೊಯ್ದು ಪಂಕ್ತಿಯಲ್ಲಿ ಕೂಡಿಸಿದರು. ಗಾಳಿಯ ಕಣಗಳಿಗೆ ಅಜ್ಜಿ ಇರುವುದಿಲ್ಲ. ಆ ಮನೆಯ ಕಿರಿಯ ಮಗು ಅದೇ ಪಡಸಾಲೆಯ ಮೂಲೆಯಲ್ಲಿ ಹೊಸ ಜ್ವರದಿಂದ ಮಲಗಿತ್ತು.

ಮಳೆ ಹಿಡಿಯುವ ಮೊದಲೇ ಚಂದ್ರಭಾಗಾ ಹೋದಳು. ಯಾರ ಮೇಲೆ ಸಿಟ್ಟಾಗಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಸಿಟ್ಟಂತೂ ಇಳಿದಿಲ್ಲ. ಅಳುವುದನ್ನು ಬಿಟ್ಟು ರಾಯರು ಮತ್ತೆ ಲೆಕ್ಕಕ್ಕೆ ಕೂತರು ಎಂದು ಕೇಳಿದಾಗ ಆ ಸಿಟ್ಟು ಅವರ ಮೇಲೆಯೇ ಹೊರಳಿತು.

ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ಮನುಷ್ಯ ಅರ್ಧ ಆಗಿದ್ದರು. ಕಣಕ್ಕೆ ಪಕ್ಕದ ಕಣದ ಸುದ್ದಿ ತಿಳಿಯುವುದಿಲ್ಲ, ಮನುಷ್ಯರಿಗೆ ತಿಳಿಯುತ್ತದೆ, ತಿಳಿದ ಕೂಡಲೇ ನಡೆ ಬದಲಿಸುತ್ತಾರೆ, ಕೆಲವರು ಅಂಜಿ ಮಕ್ಕಳನ್ನು ಮನೆಯೊಳಗೇ ಇಟ್ಟುಕೊಂಡರೆ ಕೆಲವರು ರೋಗದ ಕಡೆಗೇ ನಡೆಯುತ್ತಾರೆ ಎಂದು ವಿವರಿಸಿದರು. ಅದನ್ನೂ ಈಗ ಲೆಕ್ಕಕ್ಕೆ ಸೇರಿಸಿದ್ದರು. ಆರುತ್ತಿದ್ದ ಊರಿನಲ್ಲಿ ಕೊನೆಗೊಮ್ಮೆ ರೋಗ ಏಕೆ ತಲೆಯೆತ್ತಿತು ಎಂಬುದು ಕಾಗದದ ಮೇಲೆ ಸರಿಯಾಗಿ ಮೂಡಿತ್ತು.

ಚಹಾ ತಂದ ದ್ವಾರಕಾಬಾಯಿಯವರು ಕಪ್ಪು ಕೆಳಗಿಟ್ಟು ಅಲ್ಲೇ ನಿಂತರು.

“ಈಗ ಲೆಕ್ಕ ಖರೇ ಆಗ್ಯದೇನ್ರಿ?”

ಆಗಿದೆ ಎಂದು ರಾಯರು ತಲೆಯಾಡಿಸಿದರು.

“ಹಂಗಾದ್ರ ಹೇಳ್ರಿ, ಚಂದ್ರಿನ್ನ ಎಲ್ಲಿ ಇಡಬೇಕಾಗಿತ್ತು?”

ರಾಯರು ಕಾಗದವನ್ನು ಬದಿಗೆ ಸರಿಸಿದರು. ಸುಳ್ಳು ಹೇಳಬಲ್ಲವರಲ್ಲ.

“ಇಲ್ಲೇ,” ಎಂದರು. “ನಿನ್ನ ಹತ್ರ.”