ಸ್ಮಿತಾಗೆ ಹಸಿವಾಯಿತು

ಹೋದ ಭಾನುವಾರ ಅಣ್ಣನ ಮಗಳು ಸ್ಮಿತಾ ಗೋಕಾಕದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು. ‘ಅತ್ತಿ, ಭಾಳ ಹಸಿವಾಗೈತಿ. ಮೆಸ್ ಇನ್ನೂ ತೆಗದಿಲ್ಲ.’

ಅಷ್ಟಕ್ಕೇ ನಾನು ಅತ್ತುಬಿಟ್ಟೆ. (ನಗಬೇಡಿ, ಕೇಳಿ.)

ಕುಲಗೋಡದ ಈ ಹುಡುಗಿ ಗೋಕಾಕದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಒಂದು ವರ್ಷದಿಂದ ಊಟ ಬಿಡುತ್ತ ಬಂದಿದ್ದಳು. ಕೇಳಿದರೆ ‘ಇವತ್ತ ಉಪವಾಸ’. ನಮ್ಮದು ಜೈನರ ಮನೆ. ಉಪವಾಸ ಅಂದವಳನ್ನು ಯಾರು ಗದರುತ್ತಾರೆ? ನಮ್ಮವ್ವನಂತೂ ಮೊಮ್ಮಗಳ ಭಕ್ತಿಗೆ ಹಿಗ್ಗಿದ್ದಳು. ಒಂದು ದಿನ ಹುಡುಗಿ ಕ್ಲಾಸಿನಲ್ಲೇ ತಲೆ ತಿರುಗಿ ಬಿದ್ದಳು. ನಾನೇ ದವಾಖಾನೆಗೆ ಕರಕೊಂಡು ಹೋದೆ.

ರಕ್ತದ ಟೆಸ್ಟ್‌ಗಳೆಲ್ಲ ಮುಗಿದ ಮೇಲೆ ಅಲ್ಲಿನ ಡಾಕ್ಟರು, ತಮ್ಮ ದವಾಖಾನೆಗೆ ಶನಿವಾರ ಬರುವ ಕೌನ್ಸೆಲರ್ ಹತ್ತಿರ ಕಳಿಸಿದರು. ಹುಕ್ಕೇರಿಯ ಶೋಭಾ ಮೇಡಂ. ಸ್ಮಿತಾ ತಲೆ ತಗ್ಗಿಸಿ ಕೂತಳು. ಬುದ್ಧಿ ಹೇಳಲು ಇನ್ನೊಬ್ಬರು ಬಂದರು ಅಂದುಕೊಂಡಿರಬೇಕು.

ಮೇಡಂ ಬುದ್ಧಿ ಹೇಳಲಿಲ್ಲ. ‘ನಾನೂ ನಿನ್ನ ವಯಸ್ಸಿನ್ಯಾಗ ಉಣ್ಣೂದ ಬಿಟ್ಟಿದ್ನಿ, ತಂಗಿ. ತಾಟಿನ ಮುಂದ ಕುಂತ್ರ ಅಂಜಿಕಿ ಬರ್ತಿತ್ತು. ಮಂದಿ ಸೊಕ್ಕು ಅಂತಿದ್ರು’ ಅಂದರು.

ಹುಡುಗಿ ಮೊದಲ ಸಲ ತಲೆ ಎತ್ತಿದಳು. ‘ಖರೇನ್ರಿ?’

‘ಖರೇನ. ಆರಾಮ ಆಗಾಕ ನಾಕ ವರ್ಷ ಹಿಡೀತು.’

‘ಈಗ ಹಸಿವು ಆಗ್ತೈತೇನ್ರಿ?’

‘ಆಗ್ತೈತಿ. ಹಸಿವಾದ್ರ ಎಷ್ಟ ಛಲೋ ಅನಸ್ತೈತಿ ಗೊತ್ತೇನ?’

ಸ್ಮಿತಾ ಬಿಕ್ಕಿದಳು. ‘ನನಗೂ ಆಗಬೇಕ್ರಿ.’

ಅಲ್ಲಿಂದ ಐದು ತಿಂಗಳು, ಪ್ರತಿ ಶನಿವಾರ. ಡಾಕ್ಟರ ಔಷಧಿ, ಮೇಡಂ ಮಾತು. ನಡುವೆ ಎರಡು ಸಲ ಮತ್ತೆ ಊಟ ಬಿಟ್ಟಳು. ಮೇಡಂ ಬೈಯಲಿಲ್ಲ. ‘ನನಗೂ ಹಿಂಗ ಆಗಿತ್ತು’ ಅಂದರಂತೆ, ಅಷ್ಟೇ. ಈಗ ಈ ಫೋನ್. (ಪೂರ್ತಿ ಆರಾಮಾಗಿಲ್ಲ. ಆದರೂ!)

ರಿಸೀವರ್ ಇಟ್ಟ ಮೇಲೆ ನೆನಪಾದವಳು ವಿಮಲಕ್ಕ, ನನ್ನ ಒಡಹುಟ್ಟಿದ ಅಕ್ಕ. ಮೂಡಲಗಿಗೆ ಮದುವೆಯಾಗಿ ಹೋಗಬೇಕಿದ್ದವಳು. ಅವಳೂ ಹೀಗೇ ತಾಟು ಸರಿಸುತ್ತಿದ್ದಳು. ನಾವು ಬೈದೆವು. ತಾಯತ ಕಟ್ಟಿಸಿದೆವು. ಕೈ ಹಿಡಿದು ಬಾಯಿಗೆ ತುರುಕಿದೆವು. ಇಪ್ಪತ್ತೊಂದಕ್ಕೇ ತೀರಿಹೋದಳು. ಆ ಕಾಯಿಲೆಗೆ ಒಂದು ಹೆಸರಿದೆ ಅನ್ನುವುದೂ ನಮಗೆ ಆಗ ತಿಳಿದಿರಲಿಲ್ಲ.

ಈಗಲೂ ರೊಟ್ಟಿ ಬಡಿಯುವಾಗ ಅವಳು ಎದುರಿಗೆ ಬಂದು ಕೂತು ‘ಇನ್ನೊಂದ ಹಾಕ’ ಅನ್ನಬಾರದೇ ಅನಿಸುತ್ತದೆ. ಬಿಸಿಯಾಗಿ, ಮೇಲೆ ಬೆಣ್ಣೆ ಇಟ್ಟು ಕೊಡುತ್ತಿದ್ದೆ.

ಮನೆ ತುಂಬ ಮಂದಿ ಇದ್ದೆವು. ‘ಉಣ್ಣು’ ಅಂದೆವು, ‘ಉಣ್ಣಾಕ ಯಾಕ ಆಗವಲ್ತು?’ ಎಂದು ಒಬ್ಬರಾದರೂ ಕೇಳಿದೆವಾ?